ಹತ್ತೊಂಬತ್ತು ಪಾದ

ಸಾಚಾಪೀರ್ ಬೀದಿ, ಮುಚ್ಚಿದ ಕುರ್ಚಿ ಅಂಗಡಿಯ ಮೇಲಿನ ಮಾಳಿಗೆ.
ಬಾಗಿಲು ತೆರೆದರೆ ಅಗಸೆ ಎಣ್ಣೆಯ ವಾಸನೆ.
ನಮ್ಮೂರ ಕಡೆ ಅದು ರೊಟ್ಟಿಯ ಪಕ್ಕದ ಹಿಂಡಿ,
ಇಲ್ಲಿ ದೇವರ ಮೈಬಣ್ಣ.
ಮೊದಲ ಭಾನುವಾರ ಹಸಿವಾಯಿತು ನನಗೆ, ಹೇಳಲಿಲ್ಲ.

ಫ್ರೇನಿ ಮೇಡಂಗೆ ಎಂಬತ್ತೊಂದು. ಕೈ ನಡುಗುತ್ತದೆಂದು
ಕುಂಚ ಮುಟ್ಟುವುದಿಲ್ಲ, ಬಾಯಲ್ಲೇ ಕಲಿಸುತ್ತಾರೆ:
ಅರ್ಧ ಹಿಂದಿ, ಅರ್ಧ ಗುಜರಾತಿ,
ಬೈಗುಳ ಮಾತ್ರ ಪೂರ್ತಿ ಮರಾಠಿ.

ಐನೂರು ವರ್ಷ ಹಳೆಯ ಚಿತ್ರ, ಇಟಲಿಯದು,
ಯಾವುದೋ ಕ್ಯಾಲೆಂಡರಿನಿಂದ ಹರಿದದ್ದು, ಮೂಲೆಯಲ್ಲಿ ಚಹಾದ ಕಲೆ.
ಗುರು ಮಂಡಿಯೂರಿ ಶಿಷ್ಯರ ಕಾಲು ತೊಳೆಯುತ್ತಿದ್ದಾನೆ.
"ಇದನ್ನೇ ಇಳಿಸು. ನಿನ್ನದು ಏನೂ ಸೇರಿಸಬೇಡ.
ನಕಲು ಮಾಡಲಿಕ್ಕೂ ಯೋಗ್ಯತೆ ಬೇಕು."

ಚೌಕ ಗೀಟು ಹಾಕುವುದು ನನಗೆ ಹೊಸದಲ್ಲ.
ಖಡಕಿಯ ಮದ್ದಿನ ಕಾರ್ಖಾನೆಯ ಲೆಕ್ಕದ ವಿಭಾಗದಲ್ಲಿ
ಇಪ್ಪತ್ತೇಳು ವರ್ಷ ಕಾಲಮ್ಮುಗಳ ಒಳಗೇ ಬದುಕಿದವಳು.
ಎಣಿಸಿದೆ: ಹನ್ನೆರಡು ಜನ, ಮೇಲೊಬ್ಬ.
ಇಪ್ಪತ್ತಾರು ಪಾದ ಬರಬೇಕು.
ಬಂದದ್ದು ಹತ್ತೊಂಬತ್ತು.
ಎರಡು ಸಲ ಕೂಡಿದೆ. ತಾಳೆಯಾಗಲಿಲ್ಲ.
ಉಳಿದ ಏಳು ಮೇಜಿನ ಕೆಳಗಿನ ಕತ್ತಲಲ್ಲೋ
ನಿಲುವಂಗಿಯ ನೆರಿಗೆಯಲ್ಲೋ, ಹರಿದ ಅಂಚಿನ ಆಚೆಗೋ.
"ಹಿಡಿದುಕೊಡುವವನು ಇವರಲ್ಲಿ ಯಾರು, ಮೇಡಂ?"
"ನನಗೇನು ಗೊತ್ತು? ಅವನ ಕಾಲನ್ನೂ ತೊಳೆದಾಯಿತು.
ನೀನು ಬಣ್ಣ ಕಲಸು."

ಮೊದಲು ಹಸಿರು ಮಣ್ಣು. ಮೈಗೆ ಹಸಿರೇ ಎಂದು ಬೆಚ್ಚಿದೆ.
"ಕೆಳಗೆ ಎಲ್ಲರೂ ಹೆಣದ ಬಣ್ಣವೇ. ಅದರ ಮೇಲೆ ಗುಲಾಬಿ,
ತೆಳ್ಳಗೆ. ಒಣಗಲಿ. ಮತ್ತೆ.
ತೆಳುವಿನ ಮೇಲೆ ಜಿಡ್ಡು ಕೂರುತ್ತದೆ,
ಜಿಡ್ಡಿನ ಮೇಲೆ ತೆಳು ಹಚ್ಚಿದರೆ ಬಿರುಕು."
ತಿಂಗಳುಗಟ್ಟಲೆ ಒಂದೇ ಹಿಮ್ಮಡಿ.
ಬಸ್ಸಿನಲ್ಲಿ ಜನರ ಮುಖ ನೋಡುವುದು ಬಿಟ್ಟೆ;
ಸ್ವಾರಗೇಟಿನಲ್ಲಿ ಇಳಿಯುವ ಚಪ್ಪಲಿಗಳೊಳಗೆ
ಹೆಬ್ಬೆರಳು ಹೇಗೆ ನೆಲ ಹಿಡಿಯುತ್ತದೆ ಎಂದಷ್ಟೇ.

ತಟ್ಟೆಯ ನೀರು ಬರಲೇ ಇಲ್ಲ.
ನೀಲಿ ಹಚ್ಚಿದರೆ ಶಾಯಿ, ಬಿಳಿ ಹಚ್ಚಿದರೆ ಹಾಲು.
"ನೀರು ಬರೆಯಬೇಡ, ದೀಕ್ರಿ,"
(ಮಗಳೇ ಎನ್ನುವುದು ಐವತ್ತೆರಡರ ನನಗೆ)
"ತಳ ಬರೆ. ತಳದ ಮೇಲೊಂದು ಮಿಂಚು. ಸಾಕು."

ಹಾಲು ಎಂದೆನಲ್ಲ.
ಅಂದು ನಿಜಕ್ಕೂ ಹಾಲಿತ್ತು, ನೀರು ಬೆರೆಸಿದ್ದು,
ಗದಗಿನ ಮದುವೆ ಮನೆಯಲ್ಲಿ, ಹಿತ್ತಾಳೆಯ ತಟ್ಟೆಯಲ್ಲಿ.
ಸಾಹೇಬರು ಬಂದರೂ ಕುರ್ಚಿ ಬಿಟ್ಟೇಳದ ಪೋಸ್ಟ್‌ಮಾಸ್ತರ ನನ್ನಪ್ಪ
ಸೊಂಟಕ್ಕೆ ಟವೆಲು ಬಿಗಿದು, ಮಣೆಯ ಮುಂದೆ ಕೂತು
ತನಗಿಂತ ಮೂವತ್ತು ವರ್ಷ ಚಿಕ್ಕವನ ಕಾಲು ತೊಳೆದ.
ಅಳಿಯ ಫೋಟೋದವನ ಕಡೆ ನೋಡುತ್ತಿದ್ದ.
ನಾನು ಅಪ್ಪನ ನೆತ್ತಿ ನೋಡುತ್ತಿದ್ದೆ:
ಎಂಟಾಣೆಯಷ್ಟಗಲ ಬೋಳು.
ಅಲ್ಲಿಯವರೆಗೆ ಕಂಡಿರಲಿಲ್ಲ. ಅವನು ಅಷ್ಟು ಬಗ್ಗಿದವನೇ ಅಲ್ಲ.

ಆ ಕಾಲು ಆಮೇಲೆ ಏನೇನು ಮಾಡಿತು ಎಂಬುದು
ಈ ಚೌಕಗಳಲ್ಲಿ ಹಿಡಿಸುವುದಿಲ್ಲ.

ದಸರೆಯ ಹಿಂದಿನ ಭಾನುವಾರ, ಬಗ್ಗಿದ ಯೇಸುವಿನ
ಕೂದಲು ಮುಗಿಸುತ್ತಿದ್ದೆ. ಕೈ ತಾನಾಗಿ
ನೆತ್ತಿಯಲ್ಲಿ ಒಂದಿಷ್ಟು ಓಕರ್, ಚೂರು ಬಿಳಿ
ಒತ್ತಿತು. ದುಂಡಗೆ.
ಫ್ರೇನಿ ಮೇಡಂ ಕನ್ನಡಕ ಏರಿಸಿ
ಕ್ಯಾಲೆಂಡರು ನೋಡಿದರು, ನನ್ನದು ನೋಡಿದರು.
"ಮೂಲದಲ್ಲಿ ಇದಿಲ್ಲ."
"ಇಲ್ಲ."
"ಎಣ್ಣೆಬಣ್ಣ ನಿಧಾನ. ಮೂರು ದಿನ ಒದ್ದೆ ಇರುತ್ತದೆ.
ಕೀಲಿ ಒಯ್ಯಿ. ಒರೆಸಬೇಕೆನಿಸಿದರೆ ಚಿಂದಿ ಅಲ್ಲಿದೆ."
ಬ್ರುನ್ ಮುರಿದು ಚಹಾಕ್ಕೆ ಅದ್ದಿದರು.

ಬುಧವಾರ ಕಾರ್ಖಾನೆಯಿಂದ ನೇರ ಬಂದೆ. ಚಿಂದಿ ಎತ್ತಿಕೊಂಡೆ.
ಎಡತುದಿಯಲ್ಲಿ ಒಬ್ಬ, ಬಿಗಿ ಚಪ್ಪಲಿ ಕಳಚಲು
ಇನ್ನೂ ಹೆಣಗುತ್ತಿದ್ದಾನೆ. ಅವನ ಸರದಿ ಬಂದಿಲ್ಲ.
ಅವನ ಹಿಮ್ಮಡಿಗೆ ಹೆಚ್ಚಾಗಿ ಮೆತ್ತಿದ್ದ ಕೆಂಪು ಒರೆಸಿದೆ.

ನೆತ್ತಿಗೆ ಬೆರಳು ತಾಗಿಸಿದೆ.
ಇನ್ನೂ ಅಂಟುತ್ತದೆ.